ಪುಸ್ತಕದೊಳಗಿನ ಬಾಗಿಲು

"ಸ್ವಲ್ಪ ವಾಲಿಸು, ಇನ್ನೂ ಸ್ವಲ್ಪ," ಎಂದ ಬಡಗಿ.

ಹೊತ್ತವರು ವಾಲಿಸಿದರು. ಹಲಗೆಯ ಮೇಲೆ ಮಲಗಿದ್ದ ಪರದೆ ಮೇಷ್ಟ್ರು ಬಿಳಿ ಬಟ್ಟೆಯೊಳಗೇ ಒಂದು ಕಡೆಗೆ ಜಾರಿದರು. ಮಗಳು ಮುಖ ತಿರುಗಿಸಿಕೊಂಡಳು. ಬಾಗಿಲು ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

ಅರ್ಧ ತೆರೆಯುವಷ್ಟರಲ್ಲಿ ನೆಲಕ್ಕೆ ಕಚ್ಚಿಕೊಳ್ಳುವ ಬಾಗಿಲು ಅದು. ಈ ಮನೆಗೆ ಬರುವವರು ಅಡ್ಡ ತಿರುಗಿ ಬರಬೇಕು, ಹೋಗುವವರು ಅಡ್ಡ ತಿರುಗಿ ಹೋಗಬೇಕು. ಮಲಗಿದವರು ಅಡ್ಡ ತಿರುಗುವುದು ಹೇಗೆಂದು ಯಾರೂ ಇದುವರೆಗೆ ಯೋಚಿಸಿರಲಿಲ್ಲ.

ಹೊತ್ತವರೆಲ್ಲ ನಾಟಕ ತಂಡದ ಕೆಲಸದವರು. ಮೇಷ್ಟ್ರು ಕಾಗದದ ಮೇಲೆ ಬರೆದುಕೊಟ್ಟ ಮನೆ, ಜೈಲು, ಅರಮನೆಗಳನ್ನು ರಂಗದ ಮೇಲೆ ಕಟ್ಟಿ, ಆಟ ಮುಗಿದ ಮೇಲೆ ಬಿಚ್ಚಿ ಲಾರಿಗೆ ತುಂಬುವುದರಲ್ಲೇ ಅರ್ಧ ಆಯುಸ್ಸು ಕಳೆದವರು. ಹಲಗೆಯೂ ರಂಗದ್ದೇ. ಬಡಗಿ ಬೆವರು ಒರೆಸಿಕೊಂಡು, ಗೋಡೆಗೆ ಒರಗಿ ನಿಂತಿದ್ದ ಮೇಷ್ಟ್ರ ಹೆಂಡತಿಯ ಕಡೆ ನೋಡಿದ.

"ಅಕ್ಕ, ಬಾಗಿಲು ಬಿಚ್ಚಬೇಕಾಗುತ್ತೆ."

"ಬಿಚ್ಚಪ್ಪ," ಎಂದಳು ಆಕೆ. "ನಾನು ಮದುವೆಯಾಗಿ ಬಂದಾಗಿಂದ ಅದನ್ನೇ ಹೇಳ್ತಾ ಇದೀನಿ. ಅವರು ಹೋಗುವಾಗಲಾದರೂ ಆಗಲಿ."

ನಗಬೇಕೋ ಅಳಬೇಕೋ ಯಾರಿಗೂ ತಿಳಿಯಲಿಲ್ಲ. ತಿರುಪು ಬಿಚ್ಚುವುದು ಅವರಿಗೆ ಹೊಸದಲ್ಲ. ಬಾಗಿಲು ಕಳಚಿ ಬಂದು ಹೊರಗಿನ ಗೋಡೆಗೆ ಒರಗಿತು. ಮೇಷ್ಟ್ರು ತಮ್ಮ ಮನೆಯಿಂದ ಮೊದಲ ಬಾರಿಗೆ ನೇರವಾಗಿ ಹೊರಟರು.

ಹೆಂಡತಿಗೆ ಅಳು ಬರಲಿಲ್ಲ. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರನ್ನು ಎತ್ತಿ ಇಳಿಸಿ ಆಕೆಯ ಸೊಂಟ ಬಿದ್ದುಹೋಗಿತ್ತು. ವ್ಯಾನಿನಲ್ಲಿ ಕೂತಾಗಲೂ ಎಲ್ಲಾದರೂ ಒರಗಿಕೊಳ್ಳಬೇಕು ಎನ್ನುವುದೊಂದೇ ಆಸೆ.

*

ಬಹಳ ವರ್ಷಗಳ ಹಿಂದೆ, ಮೇಷ್ಟ್ರ ಗೆಳೆಯರಾಗಿದ್ದ ನಾಟಕಕಾರರ ನಾಟಕವೊಂದು ಪುಸ್ತಕವಾಗುವುದರಲ್ಲಿತ್ತು. ದೃಶ್ಯಕ್ಕೊಂದು ಚಿತ್ರ ಬೇಕೆಂದು ಪ್ರಕಾಶಕರು ಮೇಷ್ಟ್ರಿಗೆ ಹೇಳಿಕಳಿಸಿದರು. ಇಡೀ ನಾಟಕ ನಡೆಯುವುದು ಒಂದೇ ಮನೆಯಲ್ಲಿ. ಮೇಷ್ಟ್ರು ಬೇರೆ ಮನೆ ಹುಡುಕುವ ಗೋಜಿಗೆ ಹೋಗಲಿಲ್ಲ. ಕೂತಲ್ಲೇ ಕಣ್ಣಿಗೆ ಕಂಡದ್ದನ್ನು ಬರೆದರು. ಗೋಡೆಯ ಬಿರುಕು, ಏನೂ ನೇತುಹಾಕದ ಮೊಳೆ, ಕಾಲು ಮುರಿದು ಇಟ್ಟಿಗೆಯ ಮೇಲೆ ನಿಂತ ಸ್ಟೂಲು, ಎಲ್ಲ ಬಂತು. ಬಾಗಿಲ ಸರದಿ ಬಂದಾಗ ಹೆಂಡತಿ ಅಂಗಳದ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ತರುತ್ತಿದ್ದಳು.

"ಇನ್ನೊಂದು ಸಲ ಬಾ," ಎಂದರು ಮೇಷ್ಟ್ರು.

"ಒಲೆ ಮೇಲೆ ಹಾಲಿದೆ."

"ಒಂದೇ ಸಲ."

ಒಂದೇ ಸಲ ಎನ್ನುತ್ತಾ ಮಧ್ಯಾಹ್ನವೆಲ್ಲ ಓಡಾಡಿಸಿದರು. ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಯಿತು. ಆಕೆ ಬೈದಳು, ಬೈಯುತ್ತಲೇ, ಮುಂದಿನ ಸಲ ಬರುವ ಮೊದಲು ನಲ್ಲಿಯ ಹತ್ತಿರ ನಿಂತು ಕೂದಲು ಸರಿಮಾಡಿಕೊಂಡಳು. ತನ್ನ ಚಿತ್ರ ಬರೆಯುತ್ತಿದ್ದಾರೆ ಎಂದುಕೊಂಡಿದ್ದಳು.

ಪುಸ್ತಕ ಬಂದ ದಿನ ಒದ್ದೆ ಕೈ ಒರೆಸಿಕೊಂಡು ಒಂದೊಂದೇ ಹಾಳೆ ತಿರುವಿದಳು. ಬಿರುಕು ಇತ್ತು, ಮೊಳೆ ಇತ್ತು, ಅರ್ಧ ತೆರೆದ ಬಾಗಿಲೂ ಇತ್ತು.

"ಎಲ್ಲಾ ಇದೆ. ನಾನೆಲ್ಲಿ?"

"ಮನುಷ್ಯರನ್ನ ನಾನು ಬರೆಯಲ್ಲ ಕಣೇ. ಅವರು ಆಮೇಲೆ ಬರ್ತಾರೆ."

ಆಕೆ ಪುಸ್ತಕವನ್ನು ಅಟ್ಟಕ್ಕೆ ಹಾಕಿದಳು. ಆ ನಾಟಕವನ್ನು ಒಂದು ದಿನವೂ ನೋಡಲು ಹೋಗಲಿಲ್ಲ. ಮುರುಕು ಸ್ಟೂಲಿಗೆ ಸಿಕ್ಕ ಜಾಗ ತನಗೆ ಸಿಗಲಿಲ್ಲವಲ್ಲ ಎನ್ನುವ ನೋವು ಆಕೆಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಬಾಗಿಲು ಮಾತ್ರ ಹೆಸರು ಮಾಡಿತು. "ಬಾಗಿಲು ಪೂರ್ತಿ ತೆರೆದಿದೆ" ಎಂದು ನಾಟಕಕಾರರು ಬರೆದಿದ್ದರೂ, ಆಡಿದ ತಂಡಗಳೆಲ್ಲ ಚಿತ್ರ ನೋಡಿಕೊಂಡು ಅರ್ಧ ತೆರೆಯುವ ಬಾಗಿಲನ್ನೇ ಕಟ್ಟಿದವು. ಪಾತ್ರಧಾರಿಗಳು ಅಡ್ಡ ತಿರುಗಿ ರಂಗಕ್ಕೆ ಬಂದರು. ಅದು ಸಮಾಜದ ಹಿಂಜರಿಕೆ ಎಂದು ಪ್ರೊಫೆಸರರೊಬ್ಬರು ಉದ್ದದ ಲೇಖನ ಬರೆದರು. ಮೇಷ್ಟ್ರು ಅದನ್ನು ಓದಿ ನಕ್ಕು, ಅಡ್ಡ ತಿರುಗಿ ಬೀಡಿ ತರಲು ಹೋದರು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಮನೆಯ ಬಾಗಿಲು ಸರಿಮಾಡಿಸಲು ಮೊದಮೊದಲು ನಾಳೆ ನಾಳೆ ಎನ್ನುತ್ತಿದ್ದವರು, ಪುಸ್ತಕ ಬಂದ ಮೇಲೆ ಬಡಗಿಗೂ ಬಾಗಿಲು ಮುಟ್ಟಲು ಬಿಡಲಿಲ್ಲ.

*

ಎಲ್ಲ ಮುಗಿಸಿ ಬಂದಾಗ ಮಧ್ಯಾಹ್ನ ವಾಲಿತ್ತು. ಬಾಗಿಲಿಲ್ಲದ ಮನೆ ಬೀದಿಗೆ ಬಾಯಿ ತೆರೆದುಕೊಂಡಿತ್ತು. ನಾಟಕಕಾರರು ಕೋಲೂರಿಕೊಂಡು ಬಂದು, ಬಸ್ಸು ತಡವಾಯಿತು, ಕೊನೆಯ ಸಲ ಮುಖ ಕೂಡ ನೋಡಲಾಗಲಿಲ್ಲ ಎಂದು ಪೇಚಾಡಿಕೊಳ್ಳುತ್ತಾ ಕೂತರು.

ಬಡಗಿ ಬಾಗಿಲನ್ನು ತಟ್ಟಿ ನೋಡಿ, ಹೇಗೂ ಬಿಚ್ಚಿದ್ದಾಯಿತು, ಅಡಿ ಒಂದಿಷ್ಟು ಕೆತ್ತಿದರೆ ಪೂರ್ತಿ ತೆರೆಯುತ್ತದೆ, ಸಂಜೆಯೊಳಗೆ ಹಾಕಿಕೊಡುತ್ತೇನೆ ಎಂದ. ಮಗಳು ಒಪ್ಪಲಿಲ್ಲ.

"ಬೇಡಮ್ಮ, ಹಾಗೇ ಇರಲಿ. ಅಪ್ಪನ ಬಾಗಿಲು ಅದು. ಪುಸ್ತಕದಲ್ಲಿದೆ."

"ಪುಸ್ತಕದಲ್ಲಿ ನಿಮ್ಮಪ್ಪನ ಬಾಗಿಲಿದೆ," ಎಂದಳು ತಾಯಿ. "ಅದರಲ್ಲಿ ದಿನಾ ನೀರು ಹೊತ್ತೋಳು ಇಲ್ಲ."

ನಾಟಕಕಾರರು ತಲೆಯೆತ್ತಿದರು. "ಇಲ್ಲ ಅಂತ ಯಾರಮ್ಮ ಹೇಳಿದ್ದು?"

"ನಾನೇ ನೋಡಿದೀನಿ."

"ನೀನು ನೋಡಿದ್ದು ಪುಸ್ತಕ. ನಾಟಕ ನೋಡಲಿಲ್ಲ."

ಅವರು ನಿಧಾನವಾಗಿ ಹೇಳಿದರು. ಪುಸ್ತಕ ಬಂದ ಮೇಲೆ ಬಾಗಿಲ ವಿಷಯಕ್ಕೆ ಜಗಳವಾಡಲೆಂದೇ ಅವರು ರಿಹರ್ಸಲ್ಲಿಗೆ ಹೋಗಿದ್ದರಂತೆ. ಅಲ್ಲಿ ಮೇಷ್ಟ್ರು ನಟಿಯೊಬ್ಬಳ ಕೈಗೆ ತುಂಬಿದ ಬಕೆಟ್ಟು ಕೊಟ್ಟು ಬಾಗಿಲಲ್ಲಿ ಓಡಾಡಿಸುತ್ತಿದ್ದರು. ನೀರು ಚೆಲ್ಲಿದರೆ ಬಾಗಿಲನ್ನು ಚೂರು ಸರಿಸುವುದು, ಮತ್ತೆ ಬಾ ಎನ್ನುವುದು. ಆ ಹುಡುಗಿ ಅಳುವುದೊಂದು ಬಾಕಿ.

"ಅಳತೆ ಹೇಳಯ್ಯ, ಕಟ್ಟಿಬಿಡ್ತಾರೆ ಅಂದೆ. ಟೇಪು ಬೇಡ ಅಂದ. ಎಡಭುಜ ಮೊದಲು ಬರಬೇಕು, ಆಮೇಲೆ ಬಕೆಟ್ಟು, ಒಂದು ಹನಿ ಚೆಲ್ಲಬಾರದು, ಬಾಯಲ್ಲಿ ನನ್ನ ಬೈತಾ ಇರಬೇಕು, ಅದೇ ಅಳತೆ ಅಂದ. ಆಮೇಲೆ ನಾನು ಬಾಗಿಲ ಮಾತೇ ಎತ್ತಲಿಲ್ಲ."

"ಹೋದ ಊರಲ್ಲೆಲ್ಲ ಹಾಗೇ ಅಕ್ಕ," ಎಂದ ಬಡಗಿ. "ಬಣ್ಣಕ್ಕಿಂತ ಮೊದಲು ಬಕೆಟ್ಟು ತುಂಬಿಸಿಡ್ತಿದ್ವಿ."

ಆಕೆ ಗೋಡೆಗೆ ಒರಗಿಸಿದ್ದ ಬಾಗಿಲ ಕಡೆ ನೋಡಿದಳು.

"ನನಗ್ಯಾಕೆ ಹೇಳಲಿಲ್ಲ?"

"ನೀನೇ ಒಂದು ದಿನ ಬಂದು ನೋಡ್ತೀಯ ಅಂತ ಕಾಯ್ತಿದ್ದ."

"ಕರೀಬೇಕಿತ್ತು," ಎಂದಳು ಆಕೆ. "ಕರೆದಿದ್ದರೆ ಬರ್ತಿದ್ದೆ."

ಬೆಳಗಿನಿಂದ ಬಾರದ ಅಳು ಆಗ ಬಂತು. ಅದರಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. ಒಂದು ಮಾತಿನಲ್ಲಿ ಮುಗಿಯುವುದನ್ನು ಆತ ಆಡಲಿಲ್ಲ, ಈಕೆ ಕೇಳಲಿಲ್ಲ. ಬಿಗುಮಾನದಲ್ಲೇ ಒಂದು ಜನ್ಮ ಕಳೆದುಹೋಗಿತ್ತು. ಮಗಳು ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಅತ್ತು ಮುಗಿದ ಮೇಲೆ ಆಕೆ ಮುಖ ತೊಳೆದುಕೊಂಡು ಬಂದು ಬಡಗಿಗೆ ಹೇಳಿದಳು:

"ಕೆತ್ತಿ ಹಾಕಪ್ಪ. ನಾಟಕದಲ್ಲಿ ಹೇಗೆ ಬೇಕಾದರೂ ಇರಲಿ. ನನಗೆ ಸುಸ್ತಾಗಿದೆ."

ಬೆಳಕು ಇರುವಾಗಲೇ ಬಾಗಿಲು ಚೌಕಟ್ಟಿಗೆ ಕೂತಿತು. ಬಡಗಿ ಬೆರಳಲ್ಲಿ ತಳ್ಳಿದ. ಅದು ಸದ್ದಿಲ್ಲದೆ ಹೋಗಿ ಗೋಡೆಗೆ ತಾಗಿತು. ಕೆತ್ತಿದ ಪುಡಿಯನ್ನು ಮಗಳು ಗುಡಿಸಿದಳು. ಟೀ ಕುಡಿದ ಲೋಟಗಳು ರಾಶಿ ಬಿದ್ದಿದ್ದವು, ಮನೆಯಲ್ಲಿ ನೀರಿರಲಿಲ್ಲ. ನಾನು ತರುತ್ತೇನೆ ಎಂದು ಮಗಳು ಏಳುವಷ್ಟರಲ್ಲಿ ತಾಯಿ ಬಕೆಟ್ಟು ಹಿಡಿದು ಅಂಗಳಕ್ಕೆ ಇಳಿದಾಗಿತ್ತು.

ನಲ್ಲಿ ತಿರುಗಿಸಿ ನಿಲ್ಲಿಸಿದ ಸದ್ದು ಕೇಳಿತು. ಇಬ್ಬರು ಜೋಡಿಯಾಗಿ ನಡೆದು ಬರುವಷ್ಟು ಅಗಲವಾಗಿ ಬಾಗಿಲು ತೆರೆದಿತ್ತು. ಆಕೆ ಹೊಸ್ತಿಲವರೆಗೂ ನೇರವಾಗಿಯೇ ಬಂದಳು. ಅಲ್ಲಿ ಅಡ್ಡ ತಿರುಗಿ ಎಡಭುಜ ಮುಂದೆ ಮಾಡಿ ಒಳಗೆ ಬಂದಳು, ಹಿಂದಿನಿಂದ ತುಂಬಿದ ಬಕೆಟ್ಟು ಬಂತು. ತುಟಿಗಳು ಅಲ್ಲಾಡುತ್ತಿದ್ದವು, ಯಾರನ್ನೋ ಬೈಯುತ್ತಿರುವಂತೆ. ನಾಟಕಕಾರರು ನೆಲ ನೋಡಿದರು. ಒಂದು ಹನಿಯೂ ಚೆಲ್ಲಿರಲಿಲ್ಲ.