ಗಲ್ಲಕ್ಕೆ ಹಚ್ಚುವ ನೀರು

ನನ್ನ ತಮ್ಮ ಹರಿಶ್ಚಂದ್ರ ಕಾರವಾರದ ಕಚೇರಿಯಲ್ಲಿ ಕಾರಕೂನನಾಗಿ ಎರಡು ವರ್ಷ ತುಂಬುವುದರೊಳಗೆ ಅವನಿಗಿಂತ ಮೊದಲು ಅವನ ಮೂಗಿಗೆ ಬಡ್ತಿ ಸಿಕ್ಕಿತು. ಮೊದಲು ಮನೆಯ ಒಣಮೀನಿನ ವಾಸನೆ ಆಗದಾಯಿತು. ಆಮೇಲೆ ಚಿಮಣಿ ಎಣ್ಣೆಯದು. ಕೊನೆಗೆ ನನ್ನದು.

ನನ್ನದು ಕತ್ತದ ವಾಸನೆ. ಕದ್ವಾಡದಲ್ಲಿ ನಮ್ಮ ಮನೆಯ ಹಿಂದೆ ಕಾಳಿ ಹೊಳೆಯ ಉಪ್ಪುನೀರು ನುಗ್ಗುವ ಕೆಸರಿದೆ. ಅದರಲ್ಲಿ ತೆಂಗಿನ ಸಿಪ್ಪೆ ಹುಗಿದಿಟ್ಟು, ಎಂಟು ಹತ್ತು ತಿಂಗಳು ಕೊಳೆಸಿ, ತೆಗೆದು ಬಡಿದು, ಆ ನಾರಿನಿಂದ ಹಗ್ಗ ಹೊಸೆಯುವುದು ನನ್ನ ಕೆಲಸ. ಆ ವಾಸನೆ ಕೈಗೆ ಹತ್ತಿದರೆ ಸಾಬೂನಿಗೂ ಜಗ್ಗುವುದಿಲ್ಲ, ಸೀಗೆಗೂ ಜಗ್ಗುವುದಿಲ್ಲ. ಅವ್ವ ತೀರಿಕೊಂಡಾಗ ಹರಿಗೆ ಆರು ವರ್ಷ, ನನಗೆ ಹದಿನಾರು. ಅಂದಿನಿಂದ ಅವನ ಗಂಜಿ, ಅಂಗಿ, ಪಾಟಿ, ಮೆಟ್ರಿಕ್ ಪರೀಕ್ಷೆ ಎಲ್ಲವೂ ಆ ಕೆಸರಿನಿಂದಲೇ ಎದ್ದು ಬಂದವು. ಆಗ ಅವನ ಮೂಗಿಗೆ ಏನೂ ಅಡ್ಡಿ ಇರಲಿಲ್ಲ.

ಒಂದು ದಿನ ಮರೆತು ಬಿಟ್ಟುಹೋದ ಕೊಡೆಯನ್ನು ಕೊಡಲು ಅವನ ಕಚೇರಿಗೆ ಹೋಗಿದ್ದೆ. ಅಬ್ಬಬ್ಬ! ಹೆಡ್‌ಕ್ಲಾರ್ಕ್ ಸಾಹೇಬರ ಕಿವಿಯಲ್ಲಿ ಹಿನಾ ಅತ್ತರಿನ ಹತ್ತಿಯುಂಡೆ. ಆಚೆ ಕೂತವರದು ಲಾವಂಚ, ಈಚೆ ಕೂತವರದು ಗುಲಾಬಿ. ಮೂಲೆಯ ಮುದುಕರು ಬೊಕ್ಕತಲೆಗೆ ಮಲ್ಲಿಗೆ ಎಣ್ಣೆ ತಿಕ್ಕಿಕೊಂಡಿದ್ದರು. ನಾವು ಹೆಂಗಸರು ಎರಡು ಎಳೆ ಅಬ್ಬಲಿ ಹೂ ಮುಡಿದರೆ ‘ಸೊಕ್ಕು’ ಎನ್ನುವ ಗಂಡಸರು ಇವರೇ. ಒಬ್ಬೊಬ್ಬರೂ ತಮ್ಮ ವಾಸನೆಯೇ ಮೇಲೆಂದು ಎದೆ ಸೆಟೆಸಿ ಕೂತಿದ್ದರು. ಎಲ್ಲ ಸೇರಿ ಒಳಗೆ ಉಸಿರು ಕಟ್ಟುವಂತಿತ್ತು, ಕಿಟಕಿ ತೆರೆಯುವ ಬುದ್ಧಿ ಮಾತ್ರ ಒಬ್ಬರಿಗೂ ಇರಲಿಲ್ಲ.

ಅಷ್ಟರಲ್ಲಿ ಸಮುದ್ರದಂಡೆಯ ಬಂಗಲೆಯ ಬಿಳಿಯ ದೊರೆಗೆ ವರ್ಗವಾಯಿತು. ದೊರೆ ಹೋಗುವಾಗ ಅವನ ಕುರ್ಚಿ, ಕಪಾಟು, ಹಳೆಯ ಬೂಟು ಎಲ್ಲ ಲಿಲಾವಿಗೆ ಬಂದವು. ಕಚೇರಿಯವರು ಜಾತ್ರೆಗೆ ಹೋದಂತೆ ಹೋದರು. ನನ್ನ ತಮ್ಮ ಕೂಗಾಡಿ, ಕೈ ಎತ್ತಿ, ಬೆವರು ಸುರಿಸಿ ಗೆದ್ದು ತಂದದ್ದು ಅರ್ಧ ಬಾಟಲಿ ನೀರು. ಲವೆಂಡರ್ ಅಂತೆ. ದೊರೆ ದಾಡಿ ಮಾಡಿಕೊಂಡ ಮೇಲೆ ಗಲ್ಲಕ್ಕೆ ಹಚ್ಚಿಕೊಳ್ಳುತ್ತಿದ್ದನಂತೆ. ಬಾಟಲಿಯನ್ನು ದೇವರ ಪಟದ ಪಕ್ಕದಲ್ಲೇ ಇಟ್ಟ. ದೇವರಿಗೆ ದಿನಾ ಕೈ ಮುಗಿಯುವುದು ಬಿಟ್ಟುಹೋಗಿತ್ತು, ಬಾಟಲಿ ಎತ್ತುವುದು ಮಾತ್ರ ತಪ್ಪಲಿಲ್ಲ.

ಅಲ್ಲಿಯವರೆಗೆ ಕ್ಷೌರದ ಮಾದ ನಮ್ಮ ಜಗಲಿಗೆ ಬಂದು ಇವನ ದಾಡಿ ಕೆರೆದು, ಕೊನೆಗೆ ಪಟಿಕದ ಕಲ್ಲನ್ನು ನೀರಿಗೆ ಅದ್ದಿ ಗಲ್ಲಕ್ಕೆ ತಿಕ್ಕುತ್ತಿದ್ದ. ಆ ವಾರ ಮಾದ ಮುಖ ಸಣ್ಣದು ಮಾಡಿಕೊಂಡು ಹಿತ್ತಲಿಗೆ ಬಂದ.

“ಗಂಗೂ ಅಕ್ಕಾ, ಹರಿಗೆ ನನ್ನ ಪಟಿಕ ಆಗೂದಿಲ್ವಂತೆ. ಮುಟ್ಟಬೇಡ ಅಂದಾ. ಮೀಸೆ ಚಿಗುರಿದ ದಿವಸದಿಂದ ಆದ ಗಲ್ಲ, ಇವತ್ತು ಎಂತಾ ಆತು ಅದಕ್ಕೆ?”

“ಅದು ಈಗ ದೊರೆ ಗಲ್ಲ ಮಾರಾಯ,” ಎಂದೆ.

ಬಾಟಲಿ ಕೆಳಗಿಳಿದಂತೆ ಹರಿ ಅದಕ್ಕೆ ಕುದಿಸಿ ಆರಿಸಿದ ನೀರು ಬೆರೆಸುತ್ತ ಬಂದ. ಮೂರು ತಿಂಗಳಿಗೆ ಅದರಲ್ಲಿ ಉಳಿದದ್ದು ನಮ್ಮ ಬಾವಿಯ ನೀರೇ. ಆದರೂ ಹಚ್ಚಿಕೊಂಡ ಕೂಡಲೇ ಕತ್ತು ಎರಡು ಬೆರಳು ಉದ್ದವಾಗುತ್ತಿತ್ತು.

ಹೀಗಿರುವಾಗ ಅಂಕೋಲೆಯ ಕಡೆಯ ಶೆಟಗೇರಿಯ ಸಂಬಂಧ ಕೂಡಿ ಬಂತು. ಹುಡುಗಿ ಹೀರಾ. ತೋಡೂರಿನ ಒಂದು ಮದುವೆಮನೆಯಲ್ಲಿ ಅವಳನ್ನು ನೋಡಿದಾಗಿನಿಂದ ಹರಿ ಅನ್ನದ ಮುಂದೆ ಕೂತು ಕನಸು ಕಾಣುತ್ತಿದ್ದ. ಅವನಿಗೆ ಆ ಹುಡುಗಿ ಬೇಕೇ ಬೇಕಾಗಿತ್ತು. ಇದರಲ್ಲಿ ಹುಡುಗಾಟ ಇರಲಿಲ್ಲ, ನನಗೆ ಗೊತ್ತು. ಹುಡುಗಿಯ ಅಪ್ಪ ಜಟ್ಟಿ ಒಂದೇ ಮಾತು ಹೇಳಿ ಕಳಿಸಿದ್ದ: ಹುಡುಗ ಬರಲಿ, ಊಟ ಮಾಡಲಿ, ಆಮೇಲೆ ಊರ ದೇವರಲ್ಲಿ ಪ್ರಸಾದ ಕೇಳುವಾ. ದೇವರು ಬಲಗಡೆಯ ಹೂ ಕೊಟ್ಟರೆ ಮದುವೆ, ಎಡಗಡೆಯದು ಕೊಟ್ಟರೆ ಇಲ್ಲ.

ಮನೆಯ ಹಿರಿಯ ಹೆಂಗಸಿಲ್ಲದೆ ಹೆಣ್ಣು ಕೇಳಲು ಹೋಗುವುದು ಹೇಗೆ? ನನ್ನನ್ನು ಕರೆಯಲೇಬೇಕಾಯಿತು. ಹೊರಡುವ ಮುಂಜಾನೆ ಬಾಟಲಿ ಹಿಡಿದುಕೊಂಡು ಬಂದ.

“ಅಕ್ಕಾ, ಕೈ ನೀಡು. ಒಂದು ಚೂರು ಹಚ್ತೆ.”

“ಎಂತಕ್ಕೆ?”

“ಸುಮ್ನೆ. ಅವ್ರು ದೊಡ್ಡ ಜನ.”

“ದೊಡ್ಡ ಜನಕ್ಕೆ ಮೂಗೂ ದೊಡ್ಡದಿರ್ತದೆ. ಬೇಡ,” ಎಂದೆ.

ಅಷ್ಟಕ್ಕೇ ಅವನು ಸಿಟ್ಟಾಗಿ ಮೋಟಾರಿನಲ್ಲಿ ಡ್ರೈವರನ ಪಕ್ಕ ಕೂತ. ನಾನು ಹಿಂದೆ ಬಾಳೆಗೊನೆಗಳ ಜೊತೆ ಕೂತೆ. ಅಂಕೋಲೆಯಲ್ಲಿ ಇಳಿದು ಶೆಟಗೇರಿಗೆ ನಡೆಯುವಾಗಲೂ ಹತ್ತು ಮಾರು ಮುಂದೆಯೇ ಹೋದ.

ಜಟ್ಟಿ ಅಂಗಳಕ್ಕೆ ಬಂದು ಕೈ ಮುಗಿದು, “ಬನ್ನಿ ಬನ್ನಿ. ಇವ್ರು ಯಾರು?” ಎಂದು ನನ್ನ ಕಡೆ ನೋಡಿದ.

“ನೆರೆಮನೆಯವ್ರು,” ಎಂದ ನನ್ನ ತಮ್ಮ. “ದಾರಿಗೆ ಜೊತೆ ಅಂತ ಬಂದಾರೆ.”

ಹೆಸರು ನೋಡಿದರೆ ಹರಿಶ್ಚಂದ್ರ! ಹಿರಿಯ ಹೆಂಗಸೆಂದು ಕರೆತಂದವನೇ ಈಗ ಹೀಗೆಂದ. ನೋವಾಯಿತು. ಅಳು ಬಂದಂತಾಗಿ ಜಗಲಿಯ ಕಂಬ ಹಿಡಿದು ಕೂತೆ.

ಕೂತ ಮೇಲೆ ನೋಡುತ್ತೇನೆ, ಜಗಲಿಯ ಆ ತುದಿಯಲ್ಲಿ ಕತ್ತದ ರಾಶಿ. ಹೊಸೆದಿಟ್ಟ ಹಗ್ಗದ ಸುರುಳಿಗಳು. ಮನೆಯೆಲ್ಲ ನನ್ನ ಕೈಯದೇ ವಾಸನೆ. ಹೀರಾ ಕಾಲಿಗೆ ನೀರು ತಂದು ಕೊಟ್ಟವಳು ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿದಳು.

“ನೀವೂ ಕತ್ತ ಹೊಸಿತ್ರಾ? ನಮ್ಮ ಅವ್ವಿ ಕೈಯೂ ಹಿಂಗೇ ಇತ್ತು,” ಎಂದಳು. ತಾಯಿ ಹೋಗಿ ವರ್ಷವಾಗಿತ್ತಂತೆ. ನನ್ನ ಕೈಯನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಆ ಕ್ಷಣವೇ ನಾನು ಅವಳನ್ನು ನಮ್ಮ ಮನೆಯವಳೆಂದು ಬಗೆದುಬಿಟ್ಟೆ.

ಹರಿಯ ಸ್ಥಿತಿ ಬೇರೆ. ಆ ಮನೆಯ ವಾಸನೆ ಮೂಗಿಗೆ ಬಡಿದದ್ದೇ, ಅದು ನನ್ನದೇ ಎಂದು ತಿಳಿದ. ತಲೆಬಾಗಿಲಲ್ಲೂ ಅದೇ, ಊಟದ ಮಣೆಯಲ್ಲೂ ಅದೇ. ಅಕ್ಕ ಮರ್ಯಾದೆ ತೆಗೆದಳೆಂದು ಬೆವತುಹೋದ. ರಾಶಿ ಕಣ್ಣೆದುರಿಗೇ ಇತ್ತು, ನೋಡುವ ತಾಳ್ಮೆ ಬೇಕಲ್ಲ. ಊಟವಾದ ಮೇಲೆ ಕೊಟ್ಟಿಗೆಯ ಹಿಂದೆ ಹೋಗಿ, ಹೆಡ್‌ಕ್ಲಾರ್ಕ್ ಹರಸಿ ಕೊಟ್ಟಿದ್ದ ಹಿನಾ ಅತ್ತರಿನ ಕುಪ್ಪಿಯನ್ನು ಪೂರ್ತಿ ಅಂಗೈಗೆ ಸುರುವಿಕೊಂಡು ತಿಕ್ಕಿದ. ಕಟ್ಟಿದ್ದ ಎಮ್ಮೆ ಮೂರು ಸಲ ಸೀನಿತು.

ಊರ ದೇವರ ಗುಡಿಯಲ್ಲಿ ಸುಕ್ರ ಗುನಗ ಕಾದಿದ್ದ. ಆ ದೇವರ ಪೂಜೆ ಅವನದು, ಪ್ರಸಾದ ಕೇಳುವವನೂ ಅವನೇ. ಹುಡುಗನೇ ತನ್ನ ಕೈಯಿಂದ ಕೇಪಳದ ಹೂ ಬಿಡಿಸಿ ಕೊಡಬೇಕು. ಗುನಗ ಅದನ್ನು ನೀರಿಗೆ ಅದ್ದಿ ಕಲ್ಲಿನ ಎಡಕ್ಕೂ ಬಲಕ್ಕೂ ಹಚ್ಚುತ್ತಾನೆ. ಹೂ ಅಂಟಿ ನಿಲ್ಲಬೇಕು. ಆಮೇಲೆ ಯಾವ ಕಡೆಯದು ಮೊದಲು ಬೀಳುತ್ತದೋ ಅದು ದೇವರ ಮಾತು.

ಹರಿ ಬಿಡಿಸಿ ಕೊಟ್ಟ. ಗುನಗ ಹಚ್ಚಿದ. ಕೈ ತೆಗೆದದ್ದೇ ಎರಡೂ ಕಡೆಯ ಹೂ ಜಾರಿ ಬಿದ್ದವು. ಇನ್ನೊಮ್ಮೆ ಹಚ್ಚಿದ, ಇನ್ನೊಮ್ಮೆ ಜಾರಿದವು. ಗುನಗ ತನ್ನ ಬೆರಳು ಮೂಸಿ ಮುಖ ಕಿವುಚಿದ.

“ಇದೆಂತಾ ಎಣ್ಣೆ ಮಾರಾಯ? ದೇವರು ಮಾತಾಡೂಕೆ ಹೂ ನಿಲ್ಬೇಕಲ್ಲಾ.”

ಹರಿ ಕೆರೆಗೆ ಓಡಿದ. ಬೂದಿ ಹಾಕಿ ತಿಕ್ಕಿದ, ಕೆಸರು ಹಾಕಿ ತಿಕ್ಕಿದ. ಹಿನಾ ಹೋಗಲಿಲ್ಲ. ಅದು ಹೆಡ್‌ಕ್ಲಾರ್ಕರ ಹಿನಾ.

ಗುನಗ ಹೇಳಿದ: “ಮೂರನೇ ಸಲಾನೂ ನಿಲ್ದಿದ್ರೆ ದೇವರಿಗೆ ಮನಸಿಲ್ಲ ಅಂತ್ಲೇ ಲೆಕ್ಕ. ಈ ಕೈ ಬೇಡ. ಹುಡುಗನ ಮನೆಯ ಬೇರೆ ಕೈ ಅದ್ಯಾ? ಒಡಹುಟ್ಟಿದವ್ರದು ಆದ್ರೂ ಅಡ್ಡಿಲ್ಲ.”

ಹರಿ ನನ್ನನ್ನು ನೋಡಿದ. ನಾನು ದೇವರನ್ನು ನೋಡಿದೆ. ಗುಡಿಯ ಬಾಗಿಲಲ್ಲಿ ಹೀರಾ ನಿಂತಿದ್ದಳು.

“ಇವ್ಳು... ಇವ್ಳು ನನ್ನ ಅಕ್ಕ,” ಎಂದ ಹರಿ.

ಜಟ್ಟಿ ಹುಬ್ಬೇರಿಸಿದ. “ಮಧ್ಯಾಹ್ನ ನೆರೆಮನೆಯವ್ರು ಅಂದ್ಯಲ್ಲಾ?”

“ಅದು... ಹಂಗಲ್ಲ, ಸ್ವಂತ ಅಕ್ಕ. ಅಕ್ಕಾ, ಹೇಳೇ.”

ನನ್ನ ಒಣಗಿದ, ಒರಟು ಕೈಯಿಂದ ಬಿಡಿಸಿ ಕೊಟ್ಟಿದ್ದರೆ ಹೂ ಕಲ್ಲಿಗೆ ಚೆನ್ನಾಗಿ ಅಂಟುತ್ತಿತ್ತು. ಆ ಹುಡುಗಿಯೂ ನನಗೆ ಬೇಕಾಗಿದ್ದಳು. ಅಂಗಳದಲ್ಲೇ ಅವನು ಈ ಮಾತು ಹೇಳಿದ್ದರೆ ನನ್ನ ತಲೆಯನ್ನೇ ಕಡಿದು ಕೊಡುತ್ತಿದ್ದೆ. ಈಗ ಅವನಿಗೆ ಬೇಕಾದದ್ದು ಅಕ್ಕ ಅಲ್ಲ, ಎಣ್ಣೆ ಹತ್ತದ ಒಂದು ಕೈ.

“ದೇವರ ಮುಂದೆ ಸುಳ್ಳು ಬೇಡ,” ಎಂದೆ. “ನಾ ನೆರೆಮನೆಯವ್ಳು.”

ಗುನಗ ಹೂವಿನ ಹರಿವಾಣ ಎತ್ತಿಟ್ಟ. ಜಟ್ಟಿ ಬೈಯಲಿಲ್ಲ. “ಅಕ್ಕ ಯಾರು ಅಂತ ಗೊತ್ತಿಲ್ದವ ಹೆಂಡ್ತಿನ ನಾಳೆ ಯಾರು ಅಂತ ಹೇಳ್ತನೋ,” ಎಂದಷ್ಟೇ ಹೇಳಿ ಮಗಳನ್ನು ಕರೆದುಕೊಂಡು ಹೋದ. ಹೀರಾ ತಿರುಗಿ ಒಮ್ಮೆ ನೋಡಿದ್ದು ಹರಿಯನ್ನಲ್ಲ, ನನ್ನನ್ನು. ನಾನು ಕಳೆದುಕೊಂಡದ್ದೇನೆಂದು ಆಗ ತಿಳಿಯಿತು. ದುಃಖವಾಯಿತು. ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಲಿಲ್ಲ.

ತಿರುಗಿ ಬರುವಾಗ ಹರಿ ಮೋಟಾರಿನಲ್ಲಿ ನನ್ನ ಪಕ್ಕವೇ ಕೂತ. ಬೇರೆ ಜಾಗ ಇರಲಿಲ್ಲ. ದಾರಿಯುದ್ದಕ್ಕೂ ಮೂಗು ಸೊರಸೊರ ಎಳೆಯುತ್ತಿದ್ದ. ಕಣ್ಣೊರೆಸಿಕೊಂಡಾಗೆಲ್ಲ ಅತ್ತರು ಕಣ್ಣಿಗೆ ಹತ್ತಿ ಇನ್ನಷ್ಟು ನೀರು ಬರುತ್ತಿತ್ತು. ಅದರಲ್ಲಿ ಹೀರಾಳಿಗೆ ಎಷ್ಟು, ಹಿನಾಕ್ಕೆ ಎಷ್ಟು ಎಂದು ನನಗೆ ತಿಳಿಯಲಿಲ್ಲ. ಆರು ವರ್ಷದವನಿದ್ದಾಗ ಅತ್ತರೆ ಸೆರಗಿನಿಂದ ಒರೆಸುತ್ತಿದ್ದೆ. ಸೆರಗಿಗೆ ಕೈ ಹೋಯಿತು. ತಡೆದುಕೊಂಡೆ.

ಕಾರವಾರದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಹೆಡ್‌ಕ್ಲಾರ್ಕ್ ಸಾಹೇಬರು ಇನ್ನಿಬ್ಬರು ಕಚೇರಿಯವರೊಡನೆ ಗಾಳಿಗೆ ಹೊರಟವರು ಎದುರಿಗೇ ಸಿಕ್ಕಿದರು.

“ಏನಯ್ಯಾ, ಗೆದ್ದು ಬಂದೆಯೋ?” ಎಂದವರು ನನ್ನನ್ನು ನೋಡಿ ಕರ್ಚೀಪು ಮೂಗಿಗೆ ಒತ್ತಿಕೊಂಡರು. “ಈ ಹೆಂಗಸು ಯಾರು?”

ಹರಿ ಬಾಯಿ ತೆರೆದ. ಅದೇ ಅಂಗಳದ ಮುಖ, ಅದೇ ತುಟಿ. ‘ನೆ’ ಎಂಬಷ್ಟು ಹೊರಗೆ ಬಂದೇ ಬಿಟ್ಟಿತ್ತು.

“ನಾ ಇವ್ನ ಅಕ್ಕ,” ಎಂದೆ, ರಸ್ತೆಯ ಆ ಬದಿಗೂ ಕೇಳುವಂತೆ. “ಸ್ವಂತ ಅಕ್ಕ. ಕದ್ವಾಡದಲ್ಲಿ ಕತ್ತ ಹೊಸೆದು ಇವ್ನನ್ನ ಓದಿಸಿದವ್ಳು.”

ಹೇಳಿ ನನ್ನ ಎರಡೂ ಅಂಗೈಗಳನ್ನು ಅವನ ನುಣ್ಣಗಿನ ಗಲ್ಲಕ್ಕೆ ಇಟ್ಟು, ಕಿವಿಯಿಂದ ಗದ್ದದವರೆಗೆ ನಿಧಾನವಾಗಿ ಸವರಿದೆ. ದಾಡಿ ಮಾಡಿದ ಗಲ್ಲಕ್ಕೆ ಹೇಗೆ ಹಚ್ಚಬೇಕೋ ಹಾಗೆ. ಅವನು ಅಲುಗಾಡಲಿಲ್ಲ. ಈ ವಾಸನೆ ಎಷ್ಟು ದಿನ ಉಳಿಯುತ್ತದೆಂದು ಅವನಿಗೆ ಗೊತ್ತಿತ್ತು.