ಮೈಗೆ ಮರಳುವ ಹಕ್ಕಿ

ಪರೀಕ್ಷಕ ಡಾಕ್ಟರ್ ಶಹಾತಾರ ಕನ್ನಡಕದ ಅಂಚಿಗೆ ನೊಣವೊಂದು ಕೂತಿದೆ, ಅವರಿಗದು ಗೊತ್ತೇ ಇಲ್ಲ, ಮಾತು ಸಾಗಿದೆ — ನೋಡಮ್ಮ ನಗಾತ್, ಹಳೇ ಶವಪೆಟ್ಟಿಗೆ ಮೇಲೆ ಮನುಷ್ಯನ ಮುಖದ ಹಕ್ಕಿ ಬರೆದಿರ್ತಾರಲ್ಲ, ‘ಬಾ’ ಅನ್ನೋ ಹಕ್ಕಿ, ಅದು ಆತ್ಮ, ದೇಹ ಅದರ ಪಂಜರ, ನಮ್ಮ ಕಾದಂಬರಿಕಾರರೆಲ್ಲ ಹಾಗೇ ಬರೆದಿದ್ದಾರೆ, ಅವರೆಲ್ಲ ತಪ್ಪು ಅನ್ನೋಕೆ ನೀನ್ಯಾರು — ನಾನ್ಯಾರು, ಕರಿ ಗೌನಿನೊಳಗೆ ಬೆನ್ನು ಬೆವೆತಿದೆ, ಕಾದಂಬರಿಗಳ ಮೈ-ಆತ್ಮದ ಬಗ್ಗೆ ಐದು ವರ್ಷ ಕೂತು ಬರೆದ ಪ್ರಬಂಧ ಮೇಜಿನ ಮೇಲಿದೆ, ಬೆಳಗಿನ ದೋಣಿ ಹತ್ತಿ ನೈಲ್ ದಾಟಿ ಬಂದ ಕುರ್ನಾ ಹಳ್ಳಿಯ ನೆಂಟರೆಲ್ಲ ಸಭಾಂಗಣದಲ್ಲಿದ್ದಾರೆ, ನಾನು ಬದಾವಿಯ ಮಗಳು, ಬಿಳಿಗಲ್ಲು ಕೆತ್ತಿ ಹೂಜಿ ಮಾಡುತ್ತಿದ್ದ ಬದಾವಿಯ ಮಗಳು — ಅಪ್ಪನಿಗೆ ಲಕ್ವ ಹೊಡೆದ ವಾರ ಆಸ್ಪತ್ರೆಯ ವೈದ್ಯ ಕಣ್ಣಿಗೆ ಬೆಳಕು ಬಿಟ್ಟು ನೋಡಿ ಹೇಳಿದ್ದ, ನಿಮ್ಮಪ್ಪ ಈಗ ಒಳಗಿಲ್ಲಮ್ಮ, ಬರೀ ಮೈ ಉಳಿದಿದೆ, ಮನೆಗೆ ಕರ್ಕೊಂಡು ಹೋಗಿ — ಬರೀ ಮೈ! ಅಪ್ಪ ತನ್ನ ಹೆಸರು ಮರೆತಿದ್ದ, ಹೆಂಡತಿಯನ್ನು ಮರೆತಿದ್ದ, ನಗಾತ್ ಒಂದು ದಿನ ಸುಮ್ಮನೆ ಅರ್ಧ ಉಜ್ಜಿದ ಕಲ್ಲಿನ ಬಟ್ಟಲನ್ನು ಅವನ ಅಂಗೈಗಿಟ್ಟಳು, ಹೆಬ್ಬೆರಳು ಎದ್ದಿತು, ಅಂಚಿನುದ್ದಕ್ಕೂ ಸುತ್ತಿತು, ಒಂದು ಕಡೆ ನಿಂತಿತು, ಮತ್ತೆ ಸುತ್ತಿ ಅಲ್ಲೇ ನಿಂತಿತು, ಅವಳು ಬಗ್ಗಿ ಮುಟ್ಟಿ ನೋಡಿದರೆ ಅಲ್ಲೊಂದು ತರಿ, ಕಣ್ಣಿಗೆ ಕಾಣದಷ್ಟು ಸಣ್ಣದು, ಒಳಗೆ ಯಾರೂ ಇಲ್ಲದಿದ್ದರೆ ಆ ತರಿ ಹುಡುಕಿದ್ದು ಯಾರು, ಹದಿನಾಲ್ಕು ತಿಂಗಳು ಆ ಮೈಯನ್ನು ತೊಳೆದಳು, ಒರೆಸಿದಳು, ಪಂಜರವನ್ನು ತೊಳೆಯುತ್ತಿದ್ದೇನೆ ಎಂದು ಒಂದು ದಿನವೂ ಅನಿಸಲಿಲ್ಲ — ಈ ನೆಲದ ಹಳಬರಿಗೆ ಗೊತ್ತಿತ್ತು, ಹೆಣ ಕೆಡದಂತೆ ಕಾಪಿಡುವಾಗ ಮಿದುಳನ್ನು ಮೂಗಿಗೆ ಕೊಕ್ಕೆ ಹಾಕಿ ಎಳೆದು ಎಸೆದರು, ಹೃದಯವನ್ನು ಮಾತ್ರ ಒಳಗೇ ಬಿಟ್ಟರು, ಯೋಚಿಸುವುದು ಅದೇ, ಸತ್ತ ಮೇಲೆ ನ್ಯಾಯದ ಗರಿಯೆದುರು ತಕ್ಕಡಿಗೆ ಏರಬೇಕಾದದ್ದೂ ಅದೇ, ಐಸಿಸ್ ದೇವಿ ಕೊಲೆಯಾದ ಗಂಡನ ಮೈಯ ಚೂರುಗಳನ್ನು ಊರೂರು ಅಲೆದು ಹೆಕ್ಕಿ ತಂದಳಲ್ಲ, ಆತ್ಮವೊಂದೇ ಸಾಕಾಗಿದ್ದರೆ ಅಷ್ಟು ಅಲೆಯಬೇಕಿತ್ತೇ, ಆ ಹಕ್ಕಿಯೂ ಅಷ್ಟೇ, ಹಗಲೆಲ್ಲ ಹಾರಾಡಿ ಮೈ ಹುಡುಕಿಕೊಂಡೇ ಮರಳುತ್ತದೆ — ಪಂಜರಕ್ಕೆ ಯಾವ ಹಕ್ಕಿ ತಾನಾಗೇ ವಾಪಸ್ ಬರುತ್ತೆ ಡಾಕ್ಟರ್? ಅಯ್ಯೋ, ಬಾಯಿಬಿಟ್ಟೇ ಕೇಳಿಬಿಟ್ಟಳು, ಹಿಂದಿನಿಂದ ಫತ್ಹಿಯ್ಯಾ ಅತ್ತೆಯ ಗಂಟಲು, ಹಾಗೆ ಕೇಳೇ ನನ್ನ ರಾಣಿ! ಇಡೀ ಕುರ್ನಾ ನಗುತ್ತಿದೆ, ಶಹಾತಾರ ಕಿವಿ ಕೆಂಪಾಗುತ್ತಿದೆ — ಇದು ಸಂಶೋಧನೆ, ಅಪ್ಪನ ಮೇಲಿನ ಅಳು ಅಲ್ಲ, ಹೆಬ್ಬೆರಳು, ಬಟ್ಟಲು ಅಂತೆಲ್ಲ ಇರೋ ಮೂರನೇ ಅಧ್ಯಾಯ ಪೂರ್ತಿ ತೆಗೀತೀನಿ ಅಂತ ಇಲ್ಲಿ ಸಹಿ ಹಾಕು, ಈಗಲೇ ಪದವಿ ಕೊಡ್ತೀವಿ — ಕಾಗದ ಮುಂದೆ ಬಂತು, ಕೆಳಗೊಂದು ಖಾಲಿ ಗೆರೆ, ಮಾರ್ಗದರ್ಶಿ ಮೇಡಂ ಕಣ್ಣಲ್ಲೇ ಬೇಡುತ್ತಿದ್ದಾರೆ, ಹೂಂ ಅನ್ನು, ಕೆಲಸ ಕೈತಪ್ಪುತ್ತೆ ಹುಡುಗಿ, ಹೌದು, ತಪ್ಪುತ್ತದೆ, ಉಪನ್ಯಾಸಕಿಯ ಹುದ್ದೆ ಇನ್ನೊಬ್ಬರಿಗೆ ಹೋಗುತ್ತದೆ, ಒಂದು ಸಹಿ, ಆ ಗೆರೆಯ ಮೇಲೆ ಅರಬಿಯ ನಾಲ್ಕಕ್ಷರ, ಆಮೇಲೆ ಆ ಹೆಬ್ಬೆರಳು ಸುತ್ತಿದ್ದೆಲ್ಲ ಸುಳ್ಳು, ಬರೀ ಮೈ, ಖಾಲಿ — ತೆಗೆಯಲ್ಲ ಡಾಕ್ಟರ್. ಏನಂದೆ? ತೆಗೆಯಲ್ಲ, ಒಂದಕ್ಷರಾನೂ ತೆಗೆಯಲ್ಲ. ಹಾಗಾದ್ರೆ ಪದವಿ ಇಲ್ಲ, ಒಂದು ವರ್ಷ ಕಾದು ಬೇರೆ ಪರೀಕ್ಷಕರ ಮುಂದೆ ನಿಲ್ಲು. ನಿಲ್ತೀನಿ — ದನಿ ನಡುಗಿತು, ನಡುಗಲಿ, ಅದೂ ಮೈಯೇ ತಾನೇ, ಅಷ್ಟರಲ್ಲಿ ಅಮ್ಮ ವೇದಿಕೆಯ ಮೆಟ್ಟಿಲು ಹತ್ತಿ ಬಂದೇ ಬಿಟ್ಟಳು, ತೋಳಲ್ಲಿ ಬಿಸ್ಕತ್ತಿನ ದೊಡ್ಡ ಡಬ್ಬಿ, ಏನಂದ್ರು, ಪದವಿ ಕೊಟ್ರಾ? ಇಲ್ಲಮ್ಮ, ಕೊಡಲಿಲ್ಲ, ಅಪ್ಪನ ಮಾತು ಅಳಿಸು ಅಂದ್ರು, ಆಗಲ್ಲ ಅಂದೆ. ಅಮ್ಮ ಡಬ್ಬಿ ಎತ್ತಿ ತೋರಿಸಿದಳು, ಮತ್ತೆ ಇದನ್ನೇನು ಮಾಡ್ಲಿ? ಹಂಚು. ಅಮ್ಮ ಮುಚ್ಚಳ ಕಿತ್ತಳು, ತಲೆ ಹಿಂದಕ್ಕೆಸೆದು ನಾಲಿಗೆ ಹೊರಳಿಸಿ ಮದುವೆ ಮನೆಯ ಕೇಕೆ ಹಾಕಿದಳು, ಡಬ್ಬಿಯನ್ನು ಮೊದಲು ಶಹಾತಾರ ಮೂಗಿನ ಕೆಳಗೇ ಹಿಡಿದಳು, ತಗೊಳ್ಳಿ, ನಮ್ಮ ಹುಡುಗಿ ಗೆದ್ದಿದ್ದಾಳೆ, ಬಿಸ್ಕತ್ತಿನ ಸಕ್ಕರೆಪುಡಿ ಉದುರುತ್ತಿದೆ, ಕಾಗದದ ಮೇಲೆ, ಗೆರೆಯ ಮೇಲೆ, ಖಾಲಿ ಗೆರೆ, ಬಿಳಿ ಪುಡಿ, ಖಾಲಿ ಗೆರೆ —