ಎರಡನೆಯ ಭಾಷೆ

"ಅಡುಗೆಮನೇಲಿ ಬಯ್ದಾಡೋ ಮಾತನ್ನ ತಂದು ಡಾಕ್ಟರೇಟಿಗೆ ಭಾಷೆ ಅಂತ ತೋರಿಸ್ತೀಯಲ್ಲ ಮಾರ್ಗಿಟಾ, ನಾಚಿಕೆ ಆಗಲ್ವಾ?"

ಪ್ರೊಫೆಸರ್ ಸೊಬೋಟಾ ನನ್ನ ಅರ್ಜಿಯನ್ನು ಮೇಜಿನ ಮೇಲೆ ನನ್ನತ್ತ ತಳ್ಳಿದರು. ಅದು ಎರಡು ವರ್ಷ ಅವರ ಕಪಾಟಿನಲ್ಲಿತ್ತು. ತೌಲನಿಕ ಶಿಕ್ಷಣದಲ್ಲಿ ಡಾಕ್ಟರೇಟ್ ಮಾಡುವವರು ಎರಡು ದೇಶಗಳ ಶಾಲೆಗಳನ್ನು ಹೋಲಿಸಬೇಕು. ಸ್ಲೊವಾಕ್ ಅಲ್ಲದೆ ಇನ್ನೆರಡು ಭಾಷೆಗಳಲ್ಲಿ ತೇರ್ಗಡೆಯಾಗಬೇಕು. ನನ್ನ ಇಂಗ್ಲಿಷ್ ಮುಗಿದಿತ್ತು. ಎರಡನೆಯದಕ್ಕೆ ರೊಮಾನಿ ಎಂದು ಬರೆದಿದ್ದೆ. ನಾನು ಹೋಲಿಸುತ್ತಿದ್ದದ್ದು ಇಲ್ಲಿಯ ಮತ್ತು ರುಮೇನಿಯಾದ, ಊರವರು ಜಿಪ್ಸಿ ಅನ್ನುವ ನಮ್ಮ ರೋಮಾ ಜನರ ಕೇರಿಗಳ ಮಕ್ಕಳನ್ನು. ಎರಡೂ ಕಡೆ ಅವರ ಮಾತು ಅದೇ.

"ಅದು ನಿನ್ನ ಮನೆಮಾತು. ಹುಟ್ಟಿದಾಗಿಂದ ಬರೋದನ್ನ ಕಲಿತೆ ಅನ್ನೋಕಾಗಲ್ಲ. ಮತ್ತೆ, ಇಡೀ ವಿಭಾಗದಲ್ಲಿ ಅದರಲ್ಲಿ ಪರೀಕ್ಷೆ ಮಾಡೋಕೆ ಬರೋರು ಯಾರಿದಾರೆ ಹೇಳು?"

"ನಿಮ್ಮ ಪುಸ್ತಕಕ್ಕೆ ನಲವತ್ತು ಸಂದರ್ಶನ ಅದರಿಂದಲೇ ಅನುವಾದ ಮಾಡಿಕೊಟ್ಟೆ."

"ಮುನ್ನುಡೀಲಿ ಥ್ಯಾಂಕ್ಸ್ ಹೇಳಿದೀನಲ್ಲಮ್ಮ, ಸ್ಥಳೀಯ ಸಹಾಯಕಿಗೆ ಅಂತ. ಜೂನ್ ಮೂವತ್ತರೊಳಗೆ ಜರ್ಮನ್ ಪಾಸು ಮಾಡು. ಇಲ್ಲಾಂದ್ರೆ ಹೆಸರು ತೆಗೀತಾರೆ. ನನ್ನ ಕೈಲಿಲ್ಲ."

ಅಂದು ಜೂನ್ ಹದಿನೆಂಟು. ನನಗೆ ಜರ್ಮನ್‌ನ ಒಂದು ಪದವೂ ಬರುತ್ತಿರಲಿಲ್ಲ.

ಬಾಗಿಲ ಬಳಿ ಮತ್ತೆ ಕರೆದರು. "ಹಾಂ, ಮುಂದಿನ ಗುರುವಾರ ಹತ್ತಕ್ಕೆ ಬಾ. ವಿಯೆನ್ನಾ ಹುಡುಗಿ ಲಿಯೋನಿಗೆ ಎರಡನೇ ಭಾಷೆ ಪರೀಕ್ಷೆ. ರೊಮಾನಿ. ನೀನೇ ಪರೀಕ್ಷಕಿ, ನಾನು ಅಧ್ಯಕ್ಷ. ಒಳ್ಳೆ ಬಟ್ಟೆ ಹಾಕ್ಕೊಂಡ್ ಬಾ."

*

ರೈಲುಹಳಿಯಾಚೆ ನಮ್ಮ ಕೇರಿ. ಅತ್ತೆ ಹರ್ಮಿನಾ ಒಲೆಯ ಮೇಲೆ ಮರಿಕ್ಲಿ ರೊಟ್ಟಿ ಸುಡುತ್ತಿದ್ದಳು. ಲಿಯೋನಿ ಕಳೆದ ಬೇಸಿಗೆಯಿಡೀ ಈ ಮನೆಯಲ್ಲಿದ್ದು ಅತ್ತೆಯಿಂದ ಮಾತು ಕಲಿತಿದ್ದಳು. ಅತ್ತೆಯ ಮಂಚ ಅವಳಿಗೆ, ಅತ್ತೆಗೆ ನೆಲ.

"ನಾನ್ ಕಲ್ಸಿದ್ ವುಡ್ಗಿ ಪಾಸು, ನನ್ ಸೊಸೆ ಫೇಲಾ?"

"ಫೇಲಲ್ಲ. ಪರೀಕ್ಷೆಗೇ ಕೂರೋ ಹಾಗಿಲ್ಲ."

"ಥೂ, ಅವನ ಬಾಯಿಗೆ ನನ್ ಹಳೇ ಜೋಡು ತುರ್ಕ. ಪುಸ್ತ್ಕ ಬರ್ಯಕ್ ಬಂದಾಗ ಇದೇ ಮಣೆ ಮ್ಯಾಲ್ ಕುಂತು ರೊಟ್ಟಿ ಮುಕ್ದ. ತಟ್ಟೆ ಮಾತ್ರ ಕರ್ಚೀಪ್‌ನಾಗ್ ಒರ್ಸ್ಕಂಡ." ರೊಟ್ಟಿ ಮಗುಚಿದಳು. "ನನ್ ಮಗಂಗೂ ಹಿಂಗೇ ಮಾಡುದ್ರಲ್ಲ ಕಣೆ, ಹಲ್ಕಾ ನನ್ಮಕ್ಳು."

ಅವಳ ಮಗನ, ಅಂದರೆ ನನ್ನ ಗಂಡ ಟಿಬೋರ್‌ನ, ಪರೀಕ್ಷೆಯ ಕಾಗದದ ಪ್ರತಿ ನನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿದೆ. ಅವನಿಗೆ ಆರು ವರ್ಷವಾಗಿದ್ದಾಗ, ಶಾಲೆಗೆ ಸೇರಿಸುವ ಮೊದಲು, ಒಬ್ಬ ಹೆಂಗಸು ಅವನಿಗೆ ಚಿತ್ರಗಳನ್ನು ತೋರಿಸಿದಳು. ಒಂದು ಲೋಟ, ಅದರಲ್ಲಿ ನೀರು. ಅವನು "ಪಾನಿ" ಅಂದ. ನಮ್ಮ ಮಾತಿನಲ್ಲಿ ಅದು ನೀರು. ಅವಳು ಸ್ಲೊವಾಕ್ ಪದಕ್ಕಾಗಿ ಮೂರು ನಿಮಿಷ ಕಾದು "ಉತ್ತರವಿಲ್ಲ" ಎಂದು ಬರೆದಳು. ಹನ್ನೆರಡು ಚಿತ್ರ, ಹನ್ನೆರಡು ಸಲ ಅದೇ. ಅವನನ್ನು ಮಂದಬುದ್ಧಿಯವರ ಶಾಲೆಗೆ ಹಾಕಿದರು. ಅಲ್ಲಿಂದ ಬಂದವನಿಗೆ ಯಾವ ಕಸುಬಿನ ಅರ್ಹತಾ ಪತ್ರವೂ ಸಿಗುವುದಿಲ್ಲ. ಪತ್ರವಿಲ್ಲದ ಕೂಲಿಗೆ ಸೊಂಟಕ್ಕೆ ಕಟ್ಟುವ ಹಗ್ಗವೂ ಸಿಗುವುದಿಲ್ಲ. ಹೋದ ವರ್ಷ ಮಾರ್ಚ್‌ನಲ್ಲಿ ಕಟ್ಟಡ ಕೆಲಸದಲ್ಲಿ ಐದನೆಯ ಮಹಡಿಯಿಂದ ಬಿದ್ದು ಸತ್ತ. ಇಪ್ಪತ್ತೊಂಬತ್ತು ವರ್ಷ.

ನನಗೂ ಆ ಚಿತ್ರಗಳನ್ನು ತೋರಿಸಿದ್ದರು. ನೀರಿನ ಸ್ಲೊವಾಕ್ ಪದ ನನಗೆ ಗೊತ್ತಿತ್ತು. ನನಗೂ ನನ್ನ ಗಂಡನಿಗೂ ಇದ್ದ ವ್ಯತ್ಯಾಸ ಅಷ್ಟೇ.

"ಗುರ್ವಾರ ಓಗ್ತೀಯಾ?" ಅತ್ತೆ ಕೇಳಿದಳು.

"ಹೋಗ್ತೀನಿ."

"ಓಗು. ಬಾಯ್ ಮುಚ್ಕಂಡ್ ಮಾತ್ರ ಬರ್ಬ್ಯಾಡ."

*

ಗುರುವಾರ ಮೇಜಿನ ಮೇಲೆ ಹೂಜಿ, ಮೂರು ಲೋಟ. "ಮಾರ್ಗಿಟಾ, ಎಲ್ಲರಿಗೂ ನೀರು ಹಾಕು," ಅಂದರು ಪ್ರೊಫೆಸರ್. ಹಾಕಿದೆ.

ಲಿಯೋನಿ ತಾನೇ ಧ್ವನಿಮುದ್ರಿಸಿ ಬರೆದುಕೊಂಡಿದ್ದ ಪಠ್ಯವನ್ನು ಓದಿದಳು. ಅತ್ತೆಯ ಮಾತು. ಅತ್ತೆ ಉಸಿರು ಎಳೆದುಕೊಳ್ಳುವ ಕಡೆಯಲ್ಲೇ ಅವಳೂ ಎಳೆದುಕೊಂಡಳು. ನನ್ನ ಮಗನಿಗೆ ಲೋಟ ತೋರಿಸಿದರು, ಅವನು ಪಾನಿ ಅಂದ, ಎಂದು ಓದಿದಳು. ಆಮೇಲೆ ಒಂದೂ ತಪ್ಪಿಲ್ಲದೆ ಸ್ಲೊವಾಕ್‌ಗೆ ಅನುವಾದಿಸಿದಳು.

"ಅದ್ಭುತ," ಅಂದರು ಪ್ರೊಫೆಸರ್. "ಎಂಥಾ ಕಷ್ಟದ ಭಾಷೆ. ಒಂದೇ ಬೇಸಿಗೇಲಿ ಕಲಿತುಬಿಟ್ಟಿದೀಯ."

ಲಿಯೋನಿ ನನ್ನ ಮುಖ ನೋಡಲಿಲ್ಲ. "ಮಾರ್ಗಿಟಾಗೂ ಇದೇ ಪರೀಕ್ಷೆ ಇಡಬಹುದಲ್ವಾ ಸರ್?" ಅಂದಳು, ಮೆಲ್ಲಗೆ.

"ಅವಳಿಗೆ ಯಾಕಮ್ಮ? ಮೀನಿಗೆ ಯಾರಾದ್ರೂ ಈಜೋಕೆ ಸರ್ಟಿಫಿಕೇಟ್ ಕೊಡ್ತಾರಾ?" ಅವರೊಬ್ಬರೇ ನಕ್ಕರು.

ನಾನು ಫಾರಂ ತುಂಬಿದೆ. ಲಿಯೋನಿಯ ಹೆಸರಿನ ಮುಂದೆ "ಉತ್ತಮ" ಎಂದು ಬರೆದೆ. ಅದು ನಿಜ. ಅದರ ಕೆಳಗೆ ಇನ್ನೊಂದು ಸಾಲಿತ್ತು: ಅಧ್ಯಕ್ಷರ ಭಾಷಾಜ್ಞಾನ, ಪರೀಕ್ಷಕರು ದೃಢೀಕರಿಸಬೇಕು.

"ಅಲ್ಲಿ 'ಸಮರ್ಪಕ' ಅಂತ ಬರಿ," ಅಂದರು. "ಎಲ್ಲಾ ಭಾಷೆಗೂ ಹಾಗೇ ಬರೆಯೋದು."

ನಾನು ಪೆನ್ನು ಕೆಳಗಿಟ್ಟೆ. ಅವರ ಲೋಟವನ್ನು ಮೇಜಿನ ನಡುವೆ ತಂದಿಟ್ಟೆ. ಬೆರಳು ತೋರಿಸಿ ರೊಮಾನಿಯಲ್ಲಿ ಕೇಳಿದೆ: ಇದೇನು?

"ಏನಂತೆ ಇವಳದು, ಲಿಯೋನಿ?"

ಲಿಯೋನಿ ಬಾಯಿ ತೆರೆದಳು. "ಹೇಳಿಕೊಡೋ ಹಾಗಿಲ್ಲ," ಅಂದೆ. ಅವಳು ಬಾಯಿ ಮುಚ್ಚಿದಳು.

ಗೋಡೆಯ ಗಡಿಯಾರ ನೋಡಿದೆ. ಮೊದಲ ನಿಮಿಷ ಅವರು ನಗುತ್ತಿದ್ದರು. ಎರಡನೆಯ ನಿಮಿಷ ಕನ್ನಡಕ ತೆಗೆದು ಒರೆಸಿದರು. ಮೂರನೆಯ ನಿಮಿಷ ಅವರ ಕತ್ತು ಕೆಂಪಾಯಿತು. ಐದು ನಿಮಿಷದ ಹಿಂದೆ ಆ ಪದವನ್ನು ಕೇಳಿ ಅದ್ಭುತ ಅಂದಿದ್ದರು.

ಬರೆದೆ: ಉತ್ತರವಿಲ್ಲ. ಸಹಿ ಹಾಕಿದೆ. ಹಾಳೆಯನ್ನು ಅವರತ್ತ ತಳ್ಳಿದೆ.

"ತಲೆ ಕೆಟ್ಟಿದ್ಯೇನೆ ನಿನಗೆ? ಕೇರಿ ಬುದ್ಧಿ. ಬೇರೆ ಫಾರಂ ತರಿಸ್ತೀನಿ."

"ತರಿಸಿ. ಅದಕ್ಕೆ ಸಹಿ ಮಾಡೋಕೆ ಬರೋರು ಇಡೀ ವಿಭಾಗದಲ್ಲಿ ಯಾರಿದಾರೆ ಹೇಳಿ?"

ನನ್ನ ಹೆಸರು ತೆಗೆಯಲು ಇನ್ನು ಐದು ದಿನ ಇತ್ತು. ಬಾಯಾರಿತ್ತು. ಅವರ ಲೋಟವನ್ನೆತ್ತಿ, ಅವರು ನೋಡುತ್ತಿದ್ದಂತೆಯೇ, ತಳದವರೆಗೂ ಕುಡಿದು ಹಾಳೆಯ ಮೇಲಿಟ್ಟೆ.